ಮೇಲಿನ ಗೆರೆ ದಾಟಿದ ಚುಕ್ಕೆ

ಶಾಲೆಯಿಂದ ಬಂದ ಹಳದಿ ಕಾರ್ಡನ್ನು ಮನೆಯಲ್ಲಿ ಮೊದಲು ನೋಡಿದವರು ಲೋಲಾಕ್ಷಿಯಮ್ಮ. ನೋಡಿದವರೇ ನೇರ ಅಡುಗೆಮನೆಗೆ ಹೋಗಿ ಪಾಯಸಕ್ಕೆಂದು ಹೆಸರುಬೇಳೆ ಹುರಿಯತೊಡಗಿದರು.

ಅವರನ್ನು ನೋಡಿ ನಗುವ ಮೊದಲು ಒಂದು ಮಾತು ತಿಳಿದಿರಲಿ. ಕಾಪುವಿನ ಆಚೆಯ ಕಡಲತಡಿಯ ಊರೊಂದರಲ್ಲಿ ಈ ಹೆಂಗಸು ಹದಿನಾರು ವರ್ಷ ಅಂಗನವಾಡಿ ನಡೆಸಿದವರು. ತಿಂಗಳಿಗೊಮ್ಮೆ ಮಾಡಿನ ಜಂತಿಗೆ ತಕ್ಕಡಿ ತೂಗುಹಾಕಿ, ಅದರ ಚೀಲದಲ್ಲಿ ಒಂದೊಂದೇ ಮಗುವನ್ನು ಕೂರಿಸಿ, ಅಳುವುದನ್ನು ಅಳಲಿಕ್ಕೆ ಬಿಟ್ಟು, ತೂಕ ನೋಡಿ, ಗೆರೆ ಎಳೆದ ಪಟ್ಟಿಯಲ್ಲಿ ಚುಕ್ಕೆ ಇಟ್ಟವರು. ಚುಕ್ಕೆ ಮೇಲಿನ ಗೆರೆಯ ಹತ್ತಿರ ಬಂದರೆ ಮಗು ಗೆದ್ದ ಹಾಗೆ. ಕೆಳಗಿನ ಗೆರೆಯಿಂದ ಜಾರಿದರೆ ತಾಯಿಯನ್ನು ಕರೆಸಬೇಕು, ಎರಡು ಪಾಲು ಉಪ್ಪಿಟ್ಟು ಕೊಡಬೇಕು, ಮನೆಗೆ ಹೋಗಿ ನೋಡಿ ಬರಬೇಕು. ಮೇಲಿನ ಗೆರೆಯನ್ನೇ ದಾಟಿದ ಚುಕ್ಕೆಯನ್ನು ಹದಿನಾರು ವರ್ಷಗಳಲ್ಲಿ ಒಮ್ಮೆಯೂ ಇಡುವ ಭಾಗ್ಯ ಅವರಿಗೆ ಬಂದಿರಲಿಲ್ಲ. ಈಗ, ತೊಂಬತ್ತಮೂರನೇ ಇಸವಿಯ ಸೆಪ್ಟೆಂಬರಿನಲ್ಲಿ, ಮಸ್ಕತ್ತಿನ ರೂವಿಯ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಕೂತು ನೋಡಿದರೆ ಅದೇ ಪಟ್ಟಿ, ಅದೇ ಗೆರೆಗಳು. ಸ್ವಂತ ಮೊಮ್ಮಗಳ ಚುಕ್ಕೆ ಮೇಲಿನ ಗೆರೆಯನ್ನೂ ದಾಟಿ ಬಿಳಿ ಜಾಗದಲ್ಲಿ ನಿಂತಿತ್ತು. ಅವರಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಆ ಪಟ್ಟಿ ಓದಲು ಇಂಗ್ಲಿಷ್ ಯಾಕೆ ಬೇಕು?

"ಅಜ್ಜಿ, ಅದಕ್ಕೆ ಅಮ್ಮ ಸೈನ್ ಹಾಕ್ಬೇಕು," ಎಂದಳು ಅಪೇಕ್ಷಾ. ಒಂಬತ್ತು ವರ್ಷದ ಹುಡುಗಿ, ನಾಲ್ಕನೇ ಕ್ಲಾಸು. ಶಾಲೆಯ ಬಸ್ಸಿನಿಂದ ಇಳಿದು ಬಂದವಳು ಬೂಟೂ ಬಿಚ್ಚದೆ ಟಿ.ವಿ.ಯ ಮುಂದೆ ಕೂತಿದ್ದಳು.

"ನಾನು ಹಾಕಿದ್ರೆ ಆಗುದಿಲ್ವಾ? ಎಷ್ಟು ಮಕ್ಕಳ ಕಾರ್ಡಿಗೆ ಹಾಕಿದ್ದೇನೆ."

ಹುಡುಗಿ ಒಮ್ಮೆ ಅಜ್ಜಿಯನ್ನು ನೋಡಿದಳು, ಒಮ್ಮೆ ಕಾರ್ಡನ್ನು ನೋಡಿದಳು. "ಆಗ್ತದೆ, ಅಜ್ಜಿ. ನೀವೇ ಹಾಕಿ," ಎಂದು ಪೆನ್ನು ತಂದುಕೊಟ್ಟಳು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಅಮ್ಮ ನೋಡುವುದು ಬೇಡ ಎನ್ನುವಷ್ಟು ಬುದ್ಧಿಯೂ ಇತ್ತು.

ಸಹಿಯ ಮೇಲೆ ಒಂದು ಖಾಲಿ ಗೆರೆ ಇತ್ತು. ಖಾಲಿ ಬಿಟ್ಟ ರಿಜಿಸ್ಟರ್ ಎಂದರೆ ಲೋಲಾಕ್ಷಿಯಮ್ಮನಿಗೆ ಆಗಿಬರುವುದಿಲ್ಲ. ದುಂಡಗಿನ ಕನ್ನಡ ಅಕ್ಷರದಲ್ಲಿ, 'ಉತ್ತಮ ಪ್ರಗತಿ. ಹೀಗೆಯೇ ಮುಂದುವರಿಯಲಿ' ಎಂದು ಬರೆದು, ಕೆಳಗೆ ಸಹಿ ಹಾಕಿದರು. ಆಮೇಲೆ ಪಾಯಸವನ್ನು ಒಂದು ಬಟ್ಟಲಿಗೆ ಬಗ್ಗಿಸಿ ಎದುರಿನ ಫ್ಲ್ಯಾಟಿನ ರೋಸಲಿಂಡ್ ಟೀಚರಿಗೂ ಕೊಟ್ಟು ಬಂದರು. ಮಂಗಳೂರಿನ ರೋಸಲಿಂಡ್ ಅದೇ ಶಾಲೆಯಲ್ಲಿ ಪಾಠ ಹೇಳುವವರು. ಯಾರ ಬರ್ತ್‌ಡೇ ಎಂದು ಅವರು ಕೇಳಿದರೆ, "ಬರ್ತ್‌ಡೇ ಅಲ್ಲ ಟೀಚರೇ, ತೂಕದ ಪಾಯಸ," ಎಂದರು. ರೋಸಲಿಂಡಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಪಾಯಸ ಪಾಯಸವೇ ಅಲ್ಲವೆ, ತೆಗೆದುಕೊಂಡರು.

ಮರುದಿನ ಸಂಜೆ ಅವರು ತೊಳೆದ ಬಟ್ಟಲಿನ ಜತೆ ಆ ಕಾರ್ಡನ್ನೂ ಹಿಡಿದುಕೊಂಡು ಬಂದರು. ಶಾಲೆಯ ಮಲಯಾಳಿ ನರ್ಸಿಗೆ ಕನ್ನಡ ಬಾರದೆ, ಓದಿ ಹೇಳಿ ಎಂದು ಇವರ ಕೈಗೆ ಕೊಟ್ಟಿದ್ದಳಂತೆ. "ಸ್ಟಾಫ್ ರೂಮಲ್ಲಿ ನಾನು ಎಂತ ಓದಿ ಹೇಳುದು, ಹೇಳಿ ಮೋಹಿನಿ!" ಎಂದು ನಗು ತಡೆದುಕೊಂಡರು.

ಮೋಹಿನಿಗೆ ನಗು ಬರಲಿಲ್ಲ. ಆಫೀಸಿನಿಂದ ಆಗಷ್ಟೇ ಬಂದಿದ್ದಳು. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಅತ್ತೆಯನ್ನು ಕರೆಸಿಕೊಂಡದ್ದೇ ಅವಳಿಗೆ ಈ ಕೆಲಸ ಸಿಕ್ಕಿದ ಮೇಲೆ, ಮಧ್ಯಾಹ್ನ ಹುಡುಗಿ ಒಬ್ಬಳೇ ಆಗುತ್ತಾಳೆಂದು.

"ಮಾಮಿ, ಇದು ನೀವು ಬರೆದದ್ದಾ?"

"ಹೌದು. ಅಕ್ಷರ ಸರಿ ಇಲ್ವಾ?"

"ಇದು ವಾರ್ನಿಂಗ್ ಕಾರ್ಡ್, ಮಾಮಿ! ಮಗು ಗೆರೆಯ ಮೇಲೆ ಹೋಗಿದೆ, ಜಾಗ್ರತೆ ಮಾಡಿ ಅಂತ ಬರೆದಿದ್ದಾರೆ."

"ಗೆರೆಯ ಕೆಳಗೆ ಹೋದ್ರಲ್ವಾ ಜಾಗ್ರತೆ ಮಾಡುದು?"

"ಅದು ಊರಲ್ಲಿ. ಇಲ್ಲಿ ಮೇಲೆ ಹೋದ್ರೆ."

"ಒಂದೇ ಪಟ್ಟಿ, ಊರಿಗೊಂದು ಅರ್ಥ ಇಲ್ಲಿಗೊಂದು ಅರ್ಥ ಆಗ್ತದಾ ಮಾರಾಯ್ತಿ?"

ರೋಸಲಿಂಡ್ ನಡುವೆ ಬಂದರು. ಮಕ್ಕಳು ಚಿಪ್ಸು, ಕೋಲಾ ಎಂದು ತಿಂದು ಕುಡಿದು ದಪ್ಪವಾಗುತ್ತಿದ್ದಾರೆ, ಮುಂದೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಯಾರೋ ಡಾಕ್ಟರು ಬಂದು ಭಾಷಣ ಮಾಡಿದ್ದರು. ಅದರಿಂದ ಶಾಲೆಯ ಕಮಿಟಿ ಹೊಸ ನಿಯಮ ಮಾಡಿತ್ತು. ಇನ್ನು ಕ್ಯಾಂಟೀನಿನಲ್ಲಿ ಸಮೋಸ ಇಲ್ಲ, ಕೋಲಾ ಇಲ್ಲ. ಟಿಫಿನ್ನಿನಲ್ಲಿ ಕರಿದದ್ದು, ಸಿಹಿ ತರುವಂತಿಲ್ಲ. ಗೆರೆ ದಾಟಿದ ಮಕ್ಕಳನ್ನು ಪ್ರತಿ ಶುಕ್ರವಾರ ಮನೆಯಲ್ಲಿ ತೂಗಿ, ಶನಿವಾರ ಕಾರ್ಡಿನಲ್ಲಿ ಬರೆದು ಕಳಿಸಬೇಕು.

"ಮತ್ತೆ ದಿನಾ ಒಂದು ಗಂಟೆ ಹೊರಗೆ ಆಟ ಆಡಿಸ್ಬೇಕಂತೆ," ಎಂದರು ರೋಸಲಿಂಡ್.

ಲೋಲಾಕ್ಷಿಯಮ್ಮ ಕಿಟಕಿಯಿಂದ ಕೆಳಗೆ ನೋಡಿದರು. ಬಿಸಿಲಿಗೆ ಕಾದ ಕಾರುಗಳ ಸಾಲು, ಅದರಾಚೆ ರಸ್ತೆ, ರಸ್ತೆಯಾಚೆ ಇನ್ನೊಂದು ಕಾರುಗಳ ಸಾಲು. "ಎಲ್ಲಿ ಆಡುದು? ಕಾರಿನ ಮೇಲಾ?" ಎಂದು ಕೇಳಿದರು.

ಮೋಹಿನಿಯ ಗಂಡ ಬೋಜ ಬಂದ ಮೇಲೆ ಜಗಳ ಮತ್ತೊಮ್ಮೆ ಮೊದಲಿನಿಂದ ಆಯಿತು. ಬೋಜ ಪಕ್ಕದ ಬಂದರು ಪೇಟೆ ಮತ್ರಾದ ಹಳೆಯ ಗುಜರಾತಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಬಿಲ್ಲು ಬರೆಯುವವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಅಮ್ಮನ ಪಾಯಸವನ್ನೂ ಉಂಡ, ಹೆಂಡತಿಯ ಮಾತಿಗೂ ತಲೆಯಾಡಿಸಿದ.

"ನನ್ನ ಅಪ್ಪ ಐವತ್ತೊಂದಕ್ಕೆ ಹೋದದ್ದು," ಎಂದಳು ಮೋಹಿನಿ. "ಸಕ್ಕರೆ ಕಾಯಿಲೆ. ಮೊದಲು ಬೆರಳು ತೆಗೆದ್ರು, ಮತ್ತೆ ಪಾದ, ಮತ್ತೆ ಮೊಣಕಾಲು. ಪ್ರತಿ ಸಲ ಆಸ್ಪತ್ರೆಗೆ ಬುತ್ತಿ ತಗೊಂಡು ಹೋದದ್ದು ನಾನು. ನಿಮಗೆಲ್ಲ ಇದು ತಮಾಷೆ."

ಬೀಗರ ಕಾಲಿನ ಸಂಗತಿ ಲೋಲಾಕ್ಷಿಯಮ್ಮನಿಗೆ ಗೊತ್ತಿತ್ತು. ಅದಕ್ಕೂ ಮೊಮ್ಮಗಳ ಕೆನ್ನೆಗೂ ಸಂಬಂಧ ಇದೆಯೆಂದು ಇವತ್ತಿನವರೆಗೆ ತೋಚಿರಲಿಲ್ಲ. ಸಂಬಂಧ ಇದ್ದರೂ ಇರಬಹುದು ಅನ್ನಿಸಿ ಹೆದರಿಕೆಯಾಯಿತು. ಇಲ್ಲ, ಒಂಬತ್ತು ವರ್ಷದ ಮಗುವಿಗೆ ಎಂತ ಕಾಯಿಲೆ ಎಂದೂ ಅನ್ನಿಸಿತು.

"ಒಂದು ಕೆಲಸ ಮಾಡುವ," ಎಂದ ಬೋಜ. "ತೂಕ ನೋಡುವ ಕೆಲಸ ಅಮ್ಮನಿಗೆ ಇರ್ಲಿ. ಅವರಷ್ಟು ಅನುಭವ ಯಾರಿಗುಂಟು? ಅಡಿಗೆ ನಿನ್ನ ಲೆಕ್ಕಕ್ಕೆ. ಖಲಾಸ್."

ಹೀಗೆ ಮತ್ರಾದ ಸೂಕ್ ಸಂತೆಬೀದಿಯಿಂದ ಒಂದು ನಿಂತು ನೋಡುವ ತೂಕದ ಯಂತ್ರ ಬಂತು. ಫ್ರಿಜ್ಜಿನ ಬಾಗಿಲಿಗೆ ಮೋಹಿನಿಯ ಪಟ್ಟಿ ಅಂಟಿತು. ಬೆಳಿಗ್ಗೆ ಓಟ್ಸ್, ಟಿಫಿನ್ನಿಗೆ ಎಣ್ಣೆಯಿಲ್ಲದ ಎರಡು ಚಪಾತಿ ಮತ್ತು ಸೌತೆಕಾಯಿ, ಮಧ್ಯಾಹ್ನ ಒಂದು ಸೌಟು ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನು ಎಣ್ಣೆಯಲ್ಲಿ ಕಾಯಿಸುವಂತಿಲ್ಲ, ಸಾರು ಮಾತ್ರ. ಓಟ್ಸನ್ನು ಮೊದಲ ಸಲ ಕಂಡ ಲೋಲಾಕ್ಷಿಯಮ್ಮ, "ಇದನ್ನು ನಮ್ಮಲ್ಲಿ ಕರುವಿಗೆ ಇಡ್ತೇವೆ," ಎಂದರು. ಅಪೇಕ್ಷಾ ಕಿಸಕ್ಕನೆ ನಕ್ಕಳು, ಮೋಹಿನಿ ನಗಲಿಲ್ಲ.

ಎರಡನೇ ದಿನವೇ ಅಜ್ಜಿ ಕಳ್ಳತನದಲ್ಲಿ ಟಿಫಿನ್ನಿಗೆ ಎರಡು ಬನ್ಸ್ ಇಟ್ಟರು, ಬಾಳೆಹಣ್ಣು ಹಾಕಿ ಕರಿದದ್ದು, ಹಣ್ಣು ಒಳ್ಳೆಯದಲ್ಲವೆ ಎಂದು. ಬನ್ಸ್ ಹೋದ ಹಾಗೆಯೇ ವಾಪಸು ಬಂತು, ಜತೆಗೆ ಶಾಲೆಯದೊಂದು ಚೀಟಿ. ಚೀಟಿ ಓದಿದ ಮೇಲೆ ಎರಡು ದಿನ ಮೋಹಿನಿ ಅತ್ತೆಗೆ ಊಟ ಬಡಿಸುವಾಗ ಪಾತ್ರೆ ಸದ್ದು ಮಾಡಿತು.

ಮೊದಲ ಶುಕ್ರವಾರ ಬಂತು. ಬೋಜ ಮೀನಿಗೆಂದು ಮತ್ರಾಕ್ಕೆ ಹೋಗಿದ್ದ, ಮೋಹಿನಿ ಬಟ್ಟೆ ಒಗೆಯುತ್ತಿದ್ದಳು. ಲೋಲಾಕ್ಷಿಯಮ್ಮ ಮೊಮ್ಮಗಳನ್ನು ಯಂತ್ರದ ಮೇಲೆ ನಿಲ್ಲಿಸಿ, ಕನ್ನಡಕ ಏರಿಸಿ ಬಗ್ಗಿ ನೋಡಿದರು. ನಲವತ್ತೆರಡು.

"ಅಜ್ಜಿ," ಹುಡುಗಿ ಪಿಸುಗುಟ್ಟಿದಳು, "ನಲವತ್ತು ಅಂತ ಬರೀರಿ."

"ಯಾಕೆ?"

"ಪ್ಲೀಸ್. ನೋಟೀಸ್ ಬೋರ್ಡಲ್ಲಿ ನಮ್ಮ ಲಿಸ್ಟ್ ಹಾಕಿದ್ದಾರೆ. ರೀಸೆಸಲ್ಲಿ ಎಲ್ಲರೂ ಆಡ್ತಾರೆ, ನಾವು ಹನ್ನೊಂದು ಜನ ಗ್ರೌಂಡಿಗೆ ರೌಂಡ್ ಹಾಕ್ಬೇಕು. ಮೂವತ್ತೆಂಟಕ್ಕೆ ಬಂದ್ರೆ ನನ್ನ ಹೆಸರು ತೆಗೀತಾರೆ. ನೀವು ಬರೆದ್ರೆ ಯಾರಿಗೂ ಗೊತ್ತಾಗುದಿಲ್ಲ."

ಪೆನ್ನು ಹಿಡಿದ ಲೋಲಾಕ್ಷಿಯಮ್ಮನ ಕೈ ಅಲ್ಲೇ ನಿಂತಿತು. ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತನ್ನು ಅವರು ಹಿಂದೊಮ್ಮೆ ಕೇಳಿದ್ದರು. ಮೀನುಗಾರ ಸಂಕಪ್ಪನ ಮೂರು ವರ್ಷದ ಮಗಳು ಒಂದು ಮಳೆಗಾಲದ ಮೊದಲು ಕೆಳಗಿನ ಗೆರೆಯಿಂದ ಜಾರಿದ್ದಳು. ಇಷ್ಟೊಂದು ಮಕ್ಕಳು ಕೆಳಗಿದ್ದರೆ ಮೇಲಿನವರು ನಮ್ಮನ್ನು ಕೇಳುತ್ತಾರೆ, ಒಂದರ್ಧ ಕಿಲೋ ಸೇರಿಸಿ ಬರೆಯಿರಿ, ಯಾರಿಗೂ ಗೊತ್ತಾಗುವುದಿಲ್ಲ ಎಂದಿದ್ದಳು ಅಂಗನವಾಡಿಗಳ ಮೇಲ್ವಿಚಾರಕಿ. ಲೋಲಾಕ್ಷಿಯಮ್ಮ ಬರೆದರು. ಚುಕ್ಕೆ ಗೆರೆಯ ಮೇಲೆ ಬಂತು, ಮಗುವಿಗೆ ಬರುತ್ತಿದ್ದ ಎರಡನೇ ಪಾಲು ನಿಂತಿತು, ಆಷಾಢದಲ್ಲಿ ವಾಂತಿಭೇದಿಯಾಗಿ ಮಗು ಸತ್ತಿತು. ಆ ಅರ್ಧ ಕಿಲೋ ಬರೆಯದಿದ್ದರೆ ಅದು ಬದುಕುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಲೋಲಾಕ್ಷಿಯಮ್ಮ ಮಾತ್ರ ಅಂದಿನಿಂದ ಸಂಕಪ್ಪನ ಮನೆಯ ದಾರಿಯಲ್ಲಿ ನಡೆದವರಲ್ಲ. ಸುತ್ತು ಹಾಕಿ ಬೇರೆ ದಾರಿಯಲ್ಲಿ ಹೋಗುತ್ತಿದ್ದರು.

"ನಾನು ಒಮ್ಮೆ ತೂಕ ಸುಳ್ಳು ಬರೆದಿದ್ದೆ ಮಗಾ," ಎಂದರು. "ಇನ್ನು ಬರೆಯುದಿಲ್ಲ ಅಂತ ಹೇಳಿಕೊಂಡಿದ್ದೇನೆ. ಎಷ್ಟು ಉಂಟೋ ಅಷ್ಟೇ."

"ಸುಳ್ಳು ಬರೆದ್ರೆ ಎಂತ ಆಗ್ತದೆ?"

"ಒಳ್ಳೇದಾಗುದಿಲ್ಲ."

ನಲವತ್ತೆರಡು ಎಂದೇ ಬರೆದರು. ಹುಡುಗಿ ತೂಕದ ಯಂತ್ರದಿಂದ ಇಳಿದು, ಅಂಕಿ ಸೊನ್ನೆಗೆ ಬಂದು ನಿಲ್ಲುವವರೆಗೂ ಅದನ್ನೇ ನೋಡಿದಳು.

ಮುಂದಿನ ಗುರುವಾರ ಸಂಜೆ ಬೋಜ ಮಗಳನ್ನು ಕರೆದುಕೊಂಡು ಮತ್ರಾದ ಕಡಲ ದಂಡೆಗೆ ಹೋದ. ನಡೆಸಲಿಕ್ಕೆ ಎಂದು ಹೇಳಿ ಹೋದವರು ಬಂದಾಗ ಅವನ ಅಂಗಿಯಲ್ಲಿ ಬೆಳ್ಳುಳ್ಳಿಯ ವಾಸನೆ.

"ಶವರ್ಮಾ ತಿನ್ನಿಸಿದ್ರಾ?" ಮೋಹಿನಿ ಬಾಗಿಲಲ್ಲೇ ಹಿಡಿದಳು.

"ಇಲ್ಲ. ನಾನೊಬ್ಬ ತಿಂದೆ."

"ಮಗಳ ಎದುರು ನೀವೊಬ್ಬರೇ ತಿಂದ್ರಾ? ನಾಚಿಕೆ ಆಗುದಿಲ್ವಾ?"

"ಕೊಟ್ಟೆ ಮಾರಾಯ್ತಿ! ಅವಳೇ ಬೇಡ ಅಂದ್ಲು. ಐ ಆಮ್ ಫುಲ್ ಅಂತ ಹೇಳಿದ್ಲು, ಕೇಳು ಬೇಕಾದ್ರೆ."

ತಿನ್ನಿಸಿದರೂ ತಪ್ಪು, ತಿನ್ನಿಸದಿದ್ದರೂ ತಪ್ಪು. ಬೋಜನಿಗೆ ಅತ್ತ ದರಿ, ಇತ್ತ ಪುಲಿ. ಮೋಹಿನಿ ಮಾತ್ರ ಮಗಳ ತಲೆ ಸವರಿ, "ನನ್ನ ಚಿನ್ನ, ನೀನೇ ಬೇಡ ಅಂದಿಯಾ?" ಎಂದು ಕಣ್ಣು ತುಂಬಿಕೊಂಡಳು. ಮರುದಿನ ತೂಕ ನಲವತ್ತೊಂದು ಬಂತು. ಅದರ ಮುಂದಿನ ಶುಕ್ರವಾರ ಮೂವತ್ತೊಂಬತ್ತೂವರೆ.

ಮನೆಯಲ್ಲಿ ಹಬ್ಬ. ಮೋಹಿನಿ ಮಗಳಿಗೆ ಹೊಸ ಫ್ರಾಕು ತಂದಳು, ಆಫೀಸಿನಲ್ಲಿ ತನ್ನ ಪಟ್ಟಿಯನ್ನು ಇಬ್ಬರು ಗೆಳತಿಯರಿಗೆ ನಕಲು ಮಾಡಿ ಕೊಟ್ಟಳು. ಅತ್ತೆಯ ಮೇಲಿನ ಸಿಟ್ಟೂ ಇಳಿದು, ಅವರಿಗೆಂದೇ ಅಂಜಲ್ ಮೀನು ಕಾಯಿಸಿದಳು. ಲೋಲಾಕ್ಷಿಯಮ್ಮ ಅದನ್ನು ಮುರಿದು ಬಾಯಿಗಿಟ್ಟರೂ ರುಚಿ ಹತ್ತಲಿಲ್ಲ. ಎದುರಿನಲ್ಲಿ ಮೊಮ್ಮಗಳು ಒಂದು ಸೌಟು ಅನ್ನವನ್ನು ತಟ್ಟೆಯ ತುಂಬ ಹರಡಿ, ಬೆರಳಾಡಿಸಿ, ಅರ್ಧ ಬಿಟ್ಟು ಎದ್ದುಹೋದಳು.

"ಮೋಹಿನಿ, ಇಷ್ಟು ಬೇಗ ಇಳೀಬಾರದು," ಎಂದರು.

"ಇಳೀಬೇಕು ಅಂತ ತಾನೆ ಇಷ್ಟೆಲ್ಲ ಮಾಡುದು?"

"ಟ್ರೈನಿಂಗಲ್ಲಿ ನಮಗೆ ಹೇಳ್ತಿದ್ರು. ಚುಕ್ಕೆ ಎಲ್ಲಿ ಉಂಟು ಅಂತ ನೋಡುದು ಮತ್ತೆ. ಮೊದಲು ಅದು ಎತ್ತ ಹೋಗ್ತಾ ಉಂಟು ಅಂತ ನೋಡ್ಬೇಕು. ಎಲ್ಲಿಂದ ಇಳಿದ್ರೂ, ಇಳಿದದ್ದು ಇಳಿದದ್ದೇ."

"ಅದು ಉಣ್ಣಲಿಕ್ಕೆ ಇಲ್ಲದ ಮಕ್ಕಳಿಗೆ, ಮಾಮಿ. ನಮ್ಮಲ್ಲಿ ಎಂತ ಇಲ್ಲ?"

"ಅವಳ ತುಟಿ ನೋಡು, ಒಡೆದಿದೆ. ಬಸ್ಸಿಂದ ಇಳಿದು ಬರುವಾಗ ಎರಡು ಕಡೆ ಮೆಟ್ಟಿಲಲ್ಲಿ ಕೂರ್ತಾಳೆ."

ಮೋಹಿನಿ ತಟ್ಟೆ ದೂಡಿದಳು. "ಅವಳು ದಪ್ಪ ಇದ್ದಾಗ ಪಾಯಸ ಮಾಡಿದವರು ನೀವು. ಈಗ ಸಪೂರ ಆಗ್ತಾಳೆ, ಅದು ನಿಮಗೆ ನೋಡ್ಲಿಕ್ಕೆ ಆಗುದಿಲ್ಲ. ನಿಮ್ಮ ಮಾತು ಸುಳ್ಳಾಯ್ತಲ್ಲ, ಅದಕ್ಕೆ!"

"ಮೋಹಿನಿ," ಎಂದ ಬೋಜ. ಆಮೇಲೆ, "ಅಮ್ಮ, ನೀವೂ ಬಿಡಿ. ಇನ್ನು ಒಂದು ತಿಂಗಳಲ್ಲಿ ನಿಮ್ಮ ವೀಸಾ ಮುಗೀತದೆ. ಇರುವಷ್ಟು ದಿನ ಚಂದ ಮಾಡಿಕೊಂಡು ಇರುವ," ಎಂದ.

ಮಗನ ಆ ಮಾತು ಲೋಲಾಕ್ಷಿಯಮ್ಮನ ಎದೆಗೆ ನಾಟಿತು. ಅದಕ್ಕಿಂತ ಹೆಚ್ಚು ಕಾಡಿದ್ದು ಸೊಸೆಯ ಮಾತು, ಯಾಕೆಂದರೆ ಅದು ಸುಳ್ಳೆಂದು ತನಗೆ ತಾನೇ ಹೇಳಿಕೊಳ್ಳಲು ಅವರಿಂದ ಆಗಲಿಲ್ಲ. ತನಗೆ ನಿಜವಾಗಿಯೂ ಮಗುವಿನ ಚಿಂತೆಯೋ, ಅಥವಾ ಹದಿನಾರು ವರ್ಷದ ವಿದ್ಯೆ ನೀರಲ್ಲಿ ಹೋಯಿತೆಂಬ ಉರಿಯೋ? ಅದೇ ತಕ್ಕಡಿ, ಅದೇ ಗೆರೆ. ಅಲ್ಲಿ ತಿನ್ನಿಸು ತಿನ್ನಿಸು ಎಂದು ತಾಯಂದಿರ ಬೆನ್ನು ಹತ್ತಿದವರು ಇಲ್ಲಿ ಅನ್ನದ ಸೌಟು ಮುಟ್ಟಿದರೆ ಕಳ್ಳರಾಗುತ್ತಾರೆ. ಯಾವುದು ಸರಿ ಎಂದು ಕೇಳೋಣವೆಂದರೆ ಕೇಳುವುದಾದರೂ ಯಾರನ್ನು?

ಕೊನೆಗೆ ರೋಸಲಿಂಡರನ್ನೇ ಕೇಳಿದರು. ಅವರು ಬಟ್ಟೆ ಮಡಚುತ್ತ ಕೂತಿದ್ದರು.

"ನನಗೂ ಕನ್‌ಫ್ಯೂಸ್ ಆಗಿದೆ ಅಮ್ಮ. ಡಾಕ್ಟರು ಹೇಳಿದ್ದು ಹಣ್ಣು ತಿನ್ನಿಸಿ, ಆಟ ಆಡಿಸಿ ಅಂತ, ಅಷ್ಟೇ. ಕಮಿಟಿಗೆ ಬರುವಾಗ ಅದು ಕಾರ್ಡಾಯ್ತು. ಪಿ.ಟಿ. ಮಾಸ್ಟ್ರು ಅದಕ್ಕೊಂದು ಲಿಸ್ಟ್ ಮಾಡಿದ್ರು. ಲಿಸ್ಟ್ ಹಾಕಿ ಅಂತ ಯಾರು ಹೇಳಿದ್ದು ಕೇಳಿದ್ರೆ ಒಬ್ಬರು ಇನ್ನೊಬ್ಬರನ್ನು ತೋರಿಸ್ತಾರೆ. ಆದ್ರೆ ಕ್ಯಾಂಟೀನಿಂದ ಆ ಕೋಲಾ ಹೋದದ್ದು ಒಳ್ಳೇದೇ ಆಯ್ತು, ಅಲ್ವಾ?"

"ಅದು ಒಳ್ಳೇದೇ," ಎಂದು ಲೋಲಾಕ್ಷಿಯಮ್ಮನೂ ಒಪ್ಪಿದರು. ಒಪ್ಪಿದ ಮೇಲೆ ಇನ್ನಷ್ಟು ಗೊಂದಲವಾಯಿತು.

ನಾಲ್ಕನೇ ಶುಕ್ರವಾರ ತೂಕ ಸರಿಯಾಗಿ ಮೂವತ್ತೆಂಟು. ಅಪೇಕ್ಷಾ ಕಣ್ಣು ಮುಚ್ಚಿ ನಿಂತಿದ್ದವಳು ಅಂಕಿ ಕೇಳಿ ಬಾಯಿ ಮುಚ್ಚಿಕೊಂಡು ನಕ್ಕಳು. ಶನಿವಾರ ಶಾಲೆಯಲ್ಲಿ ಅವಳ ಹೆಸರು ತೆಗೆದು ಎಲ್ಲರಿಂದ ಚಪ್ಪಾಳೆ ತಟ್ಟಿಸಿದರಂತೆ. ಆದರೆ ಭಾನುವಾರವೂ ಸೋಮವಾರವೂ ಹುಡುಗಿಯ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿಯಿತು. ಹೆಸರು ಹೋಯಿತಲ್ಲ, ಇನ್ನು ಉಣ್ಣು ಎಂದರೆ, "ಮತ್ತೆ ಹಾಕ್ತಾರೆ," ಎಂದಳು.

ಮಂಗಳವಾರ ಮಧ್ಯಾಹ್ನ ಲೋಲಾಕ್ಷಿಯಮ್ಮ ಕಸದ ಚೀಲ ಹಿಡಿದು ಕೆಳಗಿಳಿದರು. ಕಟ್ಟಡದ ವಾಚ್‌ಮನ್ ಇಬ್ರಾಹಿಂ ನೆರಳಿನಲ್ಲಿ ಕುರ್ಚಿ ಹಾಕಿ ಕೂತಿದ್ದ. ಸುರತ್ಕಲ್ಲಿನ ಬ್ಯಾರಿ, ಊರಿನವರನ್ನು ಕಂಡರೆ ಮಾತು ಬಿಡುವವನಲ್ಲ.

"ಅಮ್ಮ, ನಿಮ್ಮ ಮನೆ ಚಪಾತಿ ತಿಂದು ತಿಂದು ನಮ್ಮ ಬೆಕ್ಕುಗಳು ನೋಡಿ, ಹಂದಿ ಹಾಗೆ ಆಗಿವೆ!"

"ನಮ್ಮ ಚಪಾತಿಯಾ?"

"ಮತ್ತೆ ಯಾರದ್ದು? ಬೇಬಿ ದಿನಾ ಬಸ್ಸಿಂದ ಇಳಿದು ಹಾಕಿ ಹೋಗುದಲ್ವಾ. ಪುಣ್ಯದ ಕೆಲಸ ಅಂತ ನಾನು ಸುಮ್ಮನಿದ್ದೆ."

ಅಷ್ಟರಲ್ಲಿ ಬಸ್ಸು ಬಂತು. ಕಟ್ಟಡದ ಹಿಂದಿನ ದೊಡ್ಡ ಕಸದ ಡಬ್ಬಿಯ ಹತ್ತಿರ ಏಳೆಂಟು ಬೆಕ್ಕುಗಳು ಆಗಲೇ ಬಂದು ಕೂತಿದ್ದವು. ಅಪೇಕ್ಷಾ ಅಲ್ಲಿಗೆ ಹೋಗಿ, ಟಿಫಿನ್ ಡಬ್ಬಿ ತೆರೆದು, ಎರಡು ಚಪಾತಿಯನ್ನೂ ಚೂರು ಚೂರು ಮಾಡಿ ಎಲ್ಲ ಬೆಕ್ಕುಗಳಿಗೂ ಹಂಚಿದಳು. ಒಂದು ಚೂರು ಬೆರಳಿಗೆ ಅಂಟಿಕೊಂಡಿತು. ಅದನ್ನು ಒಮ್ಮೆ ಬಾಯಿಯ ಹತ್ತಿರ ತಂದು, ಮೂಸಿ, ಕೆಳಗೆ ಹಾಕಿದಳು.

ಹುಡುಗಿ ತಿರುಗಿ ಅಜ್ಜಿಯನ್ನು ಕಂಡು ಬೆಚ್ಚಿದಳು. ಇಬ್ಬರೂ ಮೆಟ್ಟಿಲ ಬುಡದಲ್ಲಿ ಕೂತರು.

"ಎಷ್ಟು ದಿನದಿಂದ?"

"ಬಹಳ ದಿನದಿಂದ."

"ಬೆಳಿಗ್ಗಿನದ್ದು?"

"ಓಟ್ಸ್ ಸಿಂಕಿಗೆ."

"ಯಾಕೆ ಮಗಾ ಹೀಗೆ ಮಾಡಿದ್ದು?"

ಅಪೇಕ್ಷಾಳಿಗೆ ಆ ಪ್ರಶ್ನೆಯೇ ಅರ್ಥವಾಗದಂತಿತ್ತು. "ನೀವು ಸುಳ್ಳು ಬರೆಯುದಿಲ್ಲ ಅಂದ್ರಲ್ಲ ಅಜ್ಜಿ," ಎಂದಳು. "ಅದಕ್ಕೆ ನಾನು ನಿಜ ಮಾಡಿದೆ."

ಊರಲ್ಲಿ ಸುಳ್ಳು ಬರೆದು ಒಂದು ಮಗುವಿನ ಅನ್ನ ಹೋಯಿತು; ಇಲ್ಲಿ ನಿಜ ಬರೆದು ಇನ್ನೊಂದು ಮಗುವಿನ ಅನ್ನ ಹೋಯಿತು. ಹಾಗಾದರೆ ಮನುಷ್ಯ ಬರೆಯಬೇಕಾದ್ದು ಏನನ್ನು? ಲೋಲಾಕ್ಷಿಯಮ್ಮ ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡು, ಇಬ್ರಾಹಿಂ ನೋಡುತ್ತಿದ್ದಾನೆ ಎಂಬುದನ್ನೂ ಮರೆತು, ಗಟ್ಟಿಯಾಗಿ ಅತ್ತರು.

ಮೋಹಿನಿ ನಾಲ್ಕೂವರೆಗೆ ಬಂದಳು. ಅತ್ತೆ ಹೇಳಿದ್ದನ್ನು ಮೊದಲು ನಂಬಲಿಲ್ಲ.

"ಬೆಕ್ಕಿಗೆ ಹಾಕ್ತಾಳಂತಾ? ನಾನು ಐದು ಗಂಟೆಗೆ ಎದ್ದು ಲಟ್ಟಿಸಿದ ಚಪಾತಿ?"

"ಇಬ್ರಾಹಿಮನನ್ನು ಕೇಳು."

"ಅಪೇಕ್ಷಾ! ಬಾ ಇಲ್ಲಿ. ಅಜ್ಜಿ ಹೇಳುದು ಹೌದಾ?"

ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹೊಸ ಫ್ರಾಕು ಆಗಲೇ ಹೆಗಲಲ್ಲಿ ಸಡಿಲವಾಗಿತ್ತು. ಮೋಹಿನಿ ಅದನ್ನು ಈಗಷ್ಟೇ ಕಂಡವಳಂತೆ ನೋಡಿದಳು.

"ಹೌದು."

"ಹಸಿವಾಗುದಿಲ್ವಾ ನಿಂಗೆ?"

"ಆಗ್ತದೆ. ಮತ್ತೆ ನೀರು ಕುಡಿದ್ರೆ ಹೋಗ್ತದೆ."

"ನನ್ನತ್ರ ಯಾಕೆ ಹೇಳ್ಲಿಲ್ಲ?"

ಅಪೇಕ್ಷಾ ಅಜ್ಜಿಯ ಕಡೆ ನೋಡಿದಳು. ಆಮೇಲೆ ಬಹಳ ಸಣ್ಣ ಸ್ವರದಲ್ಲಿ, "ನಾನು ತಿಂದ್ರೆ ನೀನು ಅಜ್ಜನ ಕಾಲು ನೆನೆಸಿ ಅಳ್ತಿ. ತಿನ್ನದಿದ್ರೆ ನಗ್ತಿ," ಎಂದಳು.

ಮೋಹಿನಿ ಹ್ಯಾಂಡ್‌ಬ್ಯಾಗನ್ನು ಹೆಗಲಿನಿಂದ ತೆಗೆಯದೆಯೇ ಕುರ್ಚಿಯಲ್ಲಿ ಕೂತುಬಿಟ್ಟಳು. ಬೋಜ ಆಫೀಸಿನಿಂದ ಇನ್ನೂ ಬಂದಿರಲಿಲ್ಲ. ಇದ್ದಿದ್ದರೂ ಅವನು ಎರಡೂ ಕಡೆ ತಲೆಯಾಡಿಸುತ್ತಿದ್ದ, ಅಷ್ಟೆ. ಲೋಲಾಕ್ಷಿಯಮ್ಮನಿಗೆ ಸೊಸೆಯನ್ನು ಎರಡು ಮಾತು ಅನ್ನಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೆ ಅನ್ನಲು ಮನಸ್ಸು ಬರಲಿಲ್ಲ. ಅವಳೂ ಹೆದರಿದ್ದಾಳೆ, ತಾನೂ ಹೆದರಿದ್ದೇನೆ. ಇಬ್ಬರ ಹೆದರಿಕೆಯನ್ನೂ ಹೊತ್ತದ್ದು ಈ ಒಂಬತ್ತು ವರ್ಷದ ಮಗು. ಆ ಮನೆಗೆ ಬಂದಂದಿನಿಂದ ಮೊದಲ ಸಲ ಅವರಿಗೆ ಸೊಸೆಯ ಮೇಲೆ ಬರೀ ಕನಿಕರ ಹುಟ್ಟಿತು.

"ಏಳು," ಎಂದರು. "ಅನ್ನ ಬಿಸಿ ಉಂಟು. ಮಗುವಿಗೆ ಬಡಿಸು."

ಮೋಹಿನಿ ಎದ್ದಳು. ಮಗಳನ್ನು ಕೂರಿಸಿ, ತಟ್ಟೆ ಇಟ್ಟಳು. ಪಾತ್ರೆಯ ಮುಚ್ಚಳ ತೆಗೆದು ಒಂದು ಸೌಟು ಅನ್ನ ಹಾಕಿದಳು. ಎರಡನೇ ಸೌಟು ತುಂಬಿಕೊಂಡವಳು ತಟ್ಟೆಯ ಮೇಲೆ ಹಾಗೆಯೇ ಹಿಡಿದು ನಿಂತಳು. ಹಾಕಲೂ ಕೈ ಬರಲಿಲ್ಲ, ವಾಪಸು ಸುರಿಯಲೂ ಬರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ಮಾಮಿ," ಎಂದಳು, "ಎಷ್ಟು ಹಾಕ್ಲಿ? ನಂಗೆ ಗೊತ್ತಾಗುದಿಲ್ಲ. ನೀವು ಹೇಳಿ."

ಹದಿನಾರು ವರ್ಷ ನಲವತ್ತು ಮಕ್ಕಳಿಗೆ ದಿನವೂ ಅಳೆದು ಹಾಕಿದ ಲೋಲಾಕ್ಷಿಯಮ್ಮ ತಟ್ಟೆ ನೋಡಿದರು, ಸೌಟು ನೋಡಿದರು. ಹೇಳಿಬಿಡಬೇಕೆಂದು ಬಾಯಿ ತೆರೆದರು.

"ನಂಗೂ ಗೊತ್ತಿಲ್ಲ ಮಾರಾಯ್ತಿ," ಎಂದರು ಕೊನೆಗೆ. "ಉಣ್ಣುವವಳು ಅಲ್ಲೇ ಕೂತಿದ್ದಾಳಲ್ಲ. ಅವಳನ್ನು ಕೇಳು."

ಮೋಹಿನಿ ಮಗಳ ಕಡೆ ತಿರುಗಿದಳು. ಅಪೇಕ್ಷಾ ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಇಬ್ಬರಲ್ಲಿ ಯಾರ ಮುಖದಲ್ಲಿ ಉತ್ತರ ಇದೆಯೆಂದು ಹುಡುಕುತ್ತ. ಎರಡು ಕಡೆಯೂ ಇರಲಿಲ್ಲ. ಅವಳು ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು.

"ಅರ್ಧ ಹಾಕು," ಎಂದಳು. "ಸಾಕಾಗದಿದ್ರೆ ಮತ್ತೆ ಕೇಳ್ತೇನೆ. ಕೇಳಬಹುದಲ್ವಾ?"